ಕೆಂಚವ್ವ ಹೊಯ್ದ ಒಂದು ಚೊಂಬು ನೀರು

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಯೂ ಕಾಣದ ಕಾಲದಲ್ಲಿ, ಏಳುಕೆರೆ ಎಂಬ ರಾಜ್ಯವಿತ್ತು. ಅಲ್ಲಿನ ಹೆಂಗಸರಿಗೊಂದು ನೇಮ: ಹಿತ್ತಲಲ್ಲಿ ಬಾಡಿದ ಗಿಡಕ್ಕೆ ನೀರು ಹೊಯ್ಯದೆ ತುತ್ತು ಎತ್ತುತ್ತಿರಲಿಲ್ಲ. ಒಳ್ಳೆಯ ನೇಮವೇ. ಆದರೆ ಒಳ್ಳೆಯತನವನ್ನೇ ಹಿಡಿದು ಮನೆ ಮುರಿಯುವವರೂ ಇರುತ್ತಾರಲ್ಲ.

ಅಂಥವನು ಮಾಂತ್ರಿಕ ಮಸಿಗಣ್ಣ. ರಾಜನೇ ಅವನಿಗೆ ಹೆದರುತ್ತಿದ್ದ. ಪುಟ್ಟೀರನೆಂಬ ಯುವಕ ಮಾತ್ರ ಅವನ ಕಾಲಿಗೆ ಬೀಳಲಿಲ್ಲ. ಮಸಿಗಣ್ಣ ಬೂದಿ ಎರಚಿದ. ಪುಟ್ಟೀರ ಎರಡು ಕವಲಿನ ಗಡ್ಡೆಯಾಗಿ ನೆಲಕ್ಕುರುಳಿದ. ಮಾಂತ್ರಿಕ ಅದನ್ನು ಪುಟ್ಟೀರನ ತಂಗಿ ಕೆಂಚವ್ವನ ಮಡಿಲಿಗೆ ಎಸೆದ.

"ಇದು ಗೌರಿಹೂವಿನ ಗಡ್ಡೆ. ಮೂರು ಸಲ ಹೂ ಬಿಟ್ಟರೆ ನಿನ್ನಣ್ಣ ಏಳುತ್ತಾನೆ, ನಾನು ಸಾಯುತ್ತೇನೆ. ಕೊಳೆತರೆ ಅವನ ಕತೆ ಮುಗೀತು," ಅಂದ. ಮಂತ್ರದ ಕಟ್ಟಳೆ, ಹೇಳದೆ ವಿಧಿಯಿಲ್ಲ. ಹೇಳಿ ನಕ್ಕ. ಆ ಊರ ಹೆಂಗಸರ ನೇಮ ಅವನಿಗೆ ಗೊತ್ತಿತ್ತು.

ಪಕ್ಕದ ಮನೆಯ ದ್ಯಾವಜ್ಜಿ ಕೆಂಚವ್ವನ ಗಂಡನ ಮನೆಯ ಹಿತ್ತಲಲ್ಲಿ ಮರಳುಮಣ್ಣಿನ ಏರುಪಾತಿ ಮಾಡಿ ಗಡ್ಡೆ ನೆಡಿಸಿದಳು. "ಬೇಸಿಗೇಲಿ ಬಳ್ಳಿ ಒಣಗ್ತದೆ ಮಗಾ. ಸತ್ತಿರಲ್ಲ, ಮಲಗಿರ್ತದೆ. ಆಗ ನೀರು ಹೊಯ್ದೆಯೋ, ಕೊಳೀತದೆ."

ಮುಂಗಾರಿಗೆ ಮೊಳಕೆ ಬಂತು. ಎಲೆಯ ತುದಿಯಿಂದಲೇ ಬೇಲಿ ಹಿಡಿದು ಬಳ್ಳಿ ಹತ್ತಿತು, ಕೆಂಪು ಹಳದಿ ಹೂ ಬಿಟ್ಟಿತು. ಆಗ ಮಸಿಗಣ್ಣ ಎಮ್ಮೆಗಾತ್ರದ ಮುಳ್ಳುಹಂದಿಯನ್ನು ಗಡ್ಡೆ ಅಗೆಯಲು ಕಳಿಸಿದ. ಕೆಂಚವ್ವ ಪಾತಿಯ ಮೇಲೆ ಕೂತುಬಿಟ್ಟಳು. ಕಾಲಿಗೆ ಮುಳ್ಳು ನೆಟ್ಟರೂ ಏಳಲಿಲ್ಲ. ಹಂದಿಯೇ ಸೋತು ಹೋಯಿತು.

ಒಂದು ಬೇಸಿಗೆ ಕಳೆದು ಮರುವರ್ಷ ಎರಡನೆಯ ಹೂವೂ ಬಂತು, ಬೇಸಿಗೆಗೆ ಬಳ್ಳಿ ಮತ್ತೆ ಒಣಗಿತು. ಅತ್ತೆಗೆ ತಾಳ್ಮೆ ಕೆಟ್ಟಿತು. "ಒಣಕಲು ಪಾತಿ ಕಾಯೋದು ಸಾಕು. ಅಗೆದು ಹರಿವೆ ಬಿತ್ತು."

"ಅಗೆಯೋದಾದ್ರೆ ನನ್ನನ್ನೂ ಸೇರಿಸಿ ಅಗೀರಿ ಅತ್ತೆ."

ಅತ್ತೆ ಗುದ್ದಲಿ ಇಟ್ಟು ಒಳಗೆ ಹೋದಳು.

ಅದೇ ಬೇಸಿಗೆಯ ಕೊನೆಗೆ, ಉರಿಬಿಸಿಲ ಒಂದು ಮಧ್ಯಾಹ್ನ, ಮಣ್ಣೊಳಗಿಂದ ದನಿ ಕೇಳಿತು. "ಕೆಂಚೀ, ಬಾಯಾರ್ತದೆ ಕಣೆ."

ಕೆಂಚವ್ವ ಕಿವಿ ಮುಚ್ಚಿಕೊಂಡಳು. ಮೂರು ದಿನ ತಾನೂ ನೀರು ಮುಟ್ಟಲಿಲ್ಲ. ನಾಲ್ಕನೆಯ ದಿನ ಕರುಳು ತಡೆಯಲಿಲ್ಲ. ಒಂದು ಚೊಂಬು ನೀರು ಹೊಯ್ದಳು. ದನಿ ನಿಂತಿತು.

ಸುದ್ದಿ ತಿಳಿದ ದ್ಯಾವಜ್ಜಿ ಓಡಿ ಬಂದು ಮಣ್ಣು ಬಿಡಿಸಿದಳು. ಒಂದು ಕವಲು ಆಗಲೇ ಕೊಳೆತು ನಾರುತ್ತಿತ್ತು. ಬೈಯಲಿಲ್ಲ. ಕೊಳೆತದ್ದನ್ನು ಕುಯ್ದು, ಗಾಯಕ್ಕೆ ಒಲೆಯ ಬೂದಿ ಮೆತ್ತಿ, ಒಣಮರಳಲ್ಲಿ ಮತ್ತೆ ನೆಟ್ಟಳು. ಕೆಂಚವ್ವ ಮಳೆ ಬರುವ ತನಕ ಅತ್ತಳು.

ಆ ವರ್ಷ ಬಳ್ಳಿ ಮೊಳಕಾಲೆತ್ತರವೂ ಬೆಳೆಯಲಿಲ್ಲ. ಆದರೂ ಗೌರಿಹಬ್ಬದ ಬೆಳಿಗ್ಗೆ ಒಂದೇ ಒಂದು ಹೂ ಅರಳಿತು. ಮಸಿಗಣ್ಣ ಕೂತಲ್ಲೇ ಹೊಗೆಯಾಗಿ ಹೋದ. ಪಾತಿಯಿಂದ ಪುಟ್ಟೀರ ಎದ್ದು ಬಂದ. ಬಲಗೈ ಇರಲಿಲ್ಲ.

"ಅಣ್ಣಾ, ಅವತ್ತು ಕರೆದದ್ದು ಆ ಮಾಂತ್ರಿಕ ಅಲ್ವಾ? ಅವನದೇ ಮಾಯೆ ಅಲ್ವಾ?"

"ಅಲ್ಲ ತಂಗಿ, ನಾನೇ. ಮೊದಲನೇ ಬೇಸಿಗೆ ಹಲ್ಲು ಕಚ್ಚಿಕೊಂಡಿದ್ದೆ. ಎರಡನೆಯದಕ್ಕೆ ಆಗಲಿಲ್ಲ. ಆ ನೀರು ಎಷ್ಟು ತಂಪಾಗಿತ್ತು ಗೊತ್ತಾ?"

ಏಳುಕೆರೆಯ ಜನ ಆಮೇಲೆ ಸುಖವಾಗಿಯೇ ಬಾಳಿದರು. ಅಣ್ಣತಂಗಿಯೂ ಬಾಳಿದರು. ಅವನಿಗೆ ತುತ್ತು ಕಲೆಸಿಕೊಡುವಾಗ ಮಾತ್ರ ಕೆಂಚವ್ವ ತಲೆ ಎತ್ತುತ್ತಿರಲಿಲ್ಲ.