ಸೋದರಮಾವನ ತೊಡೆ

"ಕೂಸು ಮುಟ್ಬ್ಯಾಡ ಕಣೆ! ತಲೆ ಕೆಟ್ಟೋಳ ಕೈಗೆ ಕೊಡಾಕಿಲ್ಲ!"

ಹನಕೆರೆಯ ಮನೆದೇವರ ಗುಡಿ ಮುಂದೆ, ನೆಂಟರೆಲ್ಲ ನೋಡುತ್ತಿದ್ದಂತೆಯೇ ಹೊಂಬಾಳಮ್ಮ ಸೊಸೆಯ ಕೈ ತಳ್ಳಿದಳು. ಕವಿತ ಒಂದು ಹೆಜ್ಜೆ ಹಿಂದೆ ಸರಿದಳು. ತಿಂಗಳುಗಟ್ಟಲೆ ಕಾದವಳು, ಇನ್ನೊಂದು ಗಳಿಗೆ ಕಾಯಲಾರಳೆ?

ಅವಳ ಚೊಚ್ಚಲ ಹೆರಿಗೆಯಾದದ್ದು ಗಂಡನ ಕೆಲಸವಿದ್ದ ಮೆಲ್ಬರ್ನಿನಲ್ಲಿ. ಬಾಣಂತನಕ್ಕೆ ತಾಯಿ ಯಶೋದಮ್ಮನನ್ನು ಕರೆಸದೆ ಅತ್ತೆಯೇ ಬಂದಿಳಿದಿದ್ದಳು. ನಿದ್ದೆ ಹಾರಿ, ಅಳು ಒತ್ತರಿಸಿ, ಕೂಸನ್ನೆತ್ತಲೂ ಆಗದೆ ಕೂತಿದ್ದಾಗ ಅಲ್ಲಿನ ನರ್ಸು ಮನೆಗೇ ಬಂದು ವಿಚಾರಿಸಿದ್ದಳು. ಕವಿತಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಗಂಡ ಜಯಪ್ರಕಾಶ್ ಅವಳ ಮಾತನ್ನು ನರ್ಸಿಗೆ ತಿಳಿಸದೆ ನುಂಗಿ, ತನ್ನ ತಾಯಿ ಹೇಳಿಕೊಟ್ಟದ್ದನ್ನೇ ಒಪ್ಪಿಸಿದ: ಏನೂ ಇಲ್ಲ, ಚೆನ್ನಾಗಿದ್ದಾಳೆ! ಆಮೇಲೆ ಊರಿಗೆ ಕರೆತಂದು, ಅವಳನ್ನು ವೈದ್ಯನಾಥಪುರದ ತವರಿಗೆ ತಳ್ಳಿ, ಕೂಸನ್ನು ಇಟ್ಟುಕೊಂಡರು. ಹಾಲು ಕಟ್ಟಿದ ಎದೆ ಹಿಡಿದು ಬಂದಾಗಲೂ ಬಾಗಿಲು ತೆರೆಯಲಿಲ್ಲ...

ಅವಳನ್ನು ಉಳಿಸಿದವರು ಮೆಲ್ಬರ್ನಿನ ಕನ್ನಡದ ಡಾಕ್ಟರು ನಾಗಶ್ರೀ; ತವರಿಗೆ ಬಂದ ಮೇಲೆ ಕವಿತಳೇ ಅವರಿಗೆ ಫೋನ್ ಮಾಡಿದ್ದಳು. ಫೋನಿನಲ್ಲಿ ಯಶೋದಮ್ಮನಿಗೂ ಹೇಳಿದ್ದರು: "ಇದು ಕಾಯಿಲೆ ಕಣಮ್ಮ, ವಾಸಿಯಾಗುತ್ತೆ. ಮಂಡ್ಯದ ಡಾಕ್ಟರು ಕೊಟ್ಟ ಮಾತ್ರೆ ತಪ್ಪಿಸಬೇಡಿ. ಎಣ್ಣೆ ಹಚ್ಚಿ ನೀರೂ ಹಾಕಿ. ತಪ್ಪಿಹೋದ ಬಾಣಂತನ ಈಗ ನೀವು ಮಾಡಿ."

ಕವಿತ ಚೇತರಿಸಿಕೊಂಡಳು. ಎದೆಯ ಕಿಚ್ಚು ಮಾತ್ರ ಆರಲಿಲ್ಲ. ಸೋದರಮಾವನ ತೊಡೆಯ ಮೇಲೆ ಕೂರಿಸದೆ ಕೂಸಿನ ಮೊದಲ ಮುಡಿ ತೆಗೆಯುವಂತಿಲ್ಲ. ಒಂದಲ್ಲ ಒಂದು ದಿನ ಅವಳ ತಮ್ಮನನ್ನು ಕರೆಯಲೇಬೇಕಿತ್ತು. ಕರೆದರು.

ಸ್ವರೂಪ್ ಚಾಪೆಯ ಮೇಲೆ ಕೂತ. ಕೂಸು ಗಗನಳನ್ನು ಅವನ ತೊಡೆಗಿಟ್ಟರು. ಕ್ಷೌರದ ನಾಗಯ್ಯ ಅವಳ ತಲೆ ಒದ್ದೆ ಮಾಡಿ ಕತ್ತಿ ಎತ್ತಿದ.

"ತಡಿ ನಾಗಯ್ಯ. ಸ್ವರೂಪ, ಕೂಸೆತ್ಕೊಂಡು ಏಳ್ಲಾ!" ಕವಿತ ಮುಂದೆ ಬಂದಳು.

"ಅಯ್ಯೋ, ಹರಕೆ ಮುಡಿ ಕಣೆ! ದ್ಯಾವ್ರು ಮುನಿಯಾಕಿಲ್ವಾ?" ಹೊಂಬಾಳಮ್ಮ ಚೀರಿದಳು.

"ಮುನೀಲಿ! ನನ್ ಬಾಯಿ ಕಟ್ಟಾಕಿದ್ರಲ್ಲ ಅತ್ತೆ, ಆವಾಗೆಲ್ಲಿಗೋಗಿದ್ದ ನಿಮ್ ದ್ಯಾವ್ರು?" ಕವಿತ ಗಂಡನತ್ತ ತಿರುಗಿದಳು. "ಏನ್ರೀ, ನೆಂಟ್ರೆಲ್ಲ ಅವ್ರೆ, ಹೇಳಿ. ಆ ನರ್ಸಮ್ಮಂಗೆ ಹೇಳಿ ಅಂತ ನಾನೇನಂದಿದ್ದೆ?"

ಜಯಪ್ರಕಾಶನ ತಲೆ ತಗ್ಗಿತು. "ಸಾಯ್ಬೇಕು ಅನ್ಸ್ತದೆ ಅಂದಿದ್ಲು... ಅವ್ವ ಬ್ಯಾಡ ಅಂದ್ಲು, ನಾನು ಹೇಳ್ಲಿಲ್ಲ."

"ಥೂ! ಹೆತ್ತೋಳೇನೇ ಹೊಂಬಾಳಿ ನೀನು!" ಹೊಂಬಾಳಮ್ಮನ ಒಡಹುಟ್ಟಿದ ಅಕ್ಕ ಬೆಳ್ಳಮ್ಮನೇ ಉಗಿದಳು. ಒಬ್ಬೊಬ್ಬರಾಗಿ ನೆಂಟರು ಎದ್ದರು.

ಕವಿತ ತಮ್ಮನ ಕೈಯಿಂದ ಕೂಸನ್ನು ಕಿತ್ತುಕೊಂಡಂತೆ ಎತ್ತಿ ಆಟೋದತ್ತ ನಡೆದಳು. ಹೊಂಬಾಳಮ್ಮ ಓಡಿ ಬಂದು ಕಾಲು ಹಿಡಿದಳು. "ನನ್ ಬುಟ್ಟು ಅದು ಮಲಗಾಕಿಲ್ಲ ಕಣವ್ವ... ಒಂದ್ಸಲ ಕೊಡು..."

"ನೋಡ್ಬೇಕು ಅನ್ಸುದ್ರೆ ನಮ್ಮವ್ವನ ಮನೆ ಬಾಗಿಲಿಗೆ ಬನ್ನಿ. ತೆಗೀಬೇಕೋ ಬ್ಯಾಡ್ವೋ, ಆವಾಗ ನೋಡ್ತೀನಿ."

ಆಟೋ ಹೊರಟಿತು. "ಅವ್ವಾ... ಅವ್ವಾ..." ಗಗನ ತಾಯಿಯ ಕೆನ್ನೆ ಪರಚುತ್ತ, ಹಿಂದೆ ಮಣ್ಣಿನಲ್ಲಿ ಕೂತ ಅಜ್ಜಿಯತ್ತ ಕೈಚಾಚಿ ಕಿರುಚುತ್ತಿದ್ದಳು. ಕವಿತ ಮಗಳ ಒದ್ದೆ ತಲೆಯನ್ನು ಸೆರಗಿನಿಂದ ಒರೆಸತೊಡಗಿದಳು.