ಗ್ಯಾಲರಿಯ ಒಂದು ಹಲಗೆ

ಬೆಳಿಗ್ಗೆ ಗೇಟು ತೆಗೆಯಲು ಬಂದ ಕಾವಲುಗಾರ ಕೀಲಿಯನ್ನು ಬೀಗದಲ್ಲೇ ಬಿಟ್ಟು ಬೀದಿಗೆ ಓಡಿಬಂದ. ನಗರಸಭೆಯ ಫುಟ್‌ಬಾಲ್ ಮೈದಾನದ ಗ್ಯಾಲರಿ ನೆಲಕಚ್ಚಿತ್ತು! ಕಬ್ಬಿಣದ ಕಂಬಗಳು ಮಂಡಿಯೂರಿದ್ದವು. ಮರದ ಹಲಗೆಗಳು ಮುರಿದು ರಾಶಿ ಬಿದ್ದಿದ್ದವು. ದೇವರ ದಯೆ—ಅಡಿಯಲ್ಲಿ ಯಾರೂ ಇರಲಿಲ್ಲ.

ಆದರೂ ಒಬ್ಬಳು ಅದರಡಿ ಸಿಕ್ಕಿಕೊಂಡಂತೆಯೇ ಆಗಿತ್ತು. ಅವಳು ನಗರಸಭೆಯ ಇಂಜಿನಿಯರ್. "ಗ್ಯಾಲರಿ ಗಟ್ಟಿಯಾಗಿದೆ, ಸಣ್ಣ ರಿಪೇರಿ ಸಾಕು. ಕ್ಲಬ್ಬಿಗೆ ತೆರಿಗೆ ಹಣದಲ್ಲಿ ಹೊಸ ಕ್ರೀಡಾಂಗಣ ಬೇಡ, ಆ ಹಣ ಆಸ್ಪತ್ರೆಗಿರಲಿ" ಎಂದು ಹಿಂದಿನ ಸಭೆಯಲ್ಲಿ ಎದ್ದುನಿಂತು ಹೇಳಿದ್ದಳು. ಆ ವಿಷಯವನ್ನು ಇದೇ ಸಂಜೆ ಮತಕ್ಕೆ ಹಾಕುವುದಿತ್ತು. ಗ್ಯಾಲರಿ ಅವಳ ಮಾತಿನ ಮೇಲೆಯೇ ಕುಸಿದಿತ್ತು. ಸಂಜೆಯೊಳಗೆ ನಿಜ ತಿಳಿಯದಿದ್ದರೆ ಕೆಲಸವೂ ಹೋಗುತ್ತಿತ್ತು, ಮಾನವೂ ಹೋಗುತ್ತಿತ್ತು.

ಅವಳು ಫೋನ್ ಮಾಡಿದ್ದು ದೊಡ್ಡಪ್ಪನಿಗೆ. ಅವರು ಪೊಲೀಸ್ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಹೆಂಡತಿ ತೀರಿಕೊಂಡ ಮೇಲೆ ಬೆಳಗಿನ ಪ್ರಾರ್ಥನೆ ಮುಗಿಸಿ, ಬಾಗಿಲ ಬಳಿ ಒಂದು ಖಾಲಿ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಕೂರುವುದೇ ಅವರ ದಿನಚರಿ. ಅಂದು ಪ್ರಾರ್ಥನೆಯನ್ನು ಅರ್ಧಕ್ಕೇ ಬಿಟ್ಟು ಬಂದರು.

"ತುಕ್ಕು ಸಾರ್, ತುಕ್ಕು!" ಕ್ಲಬ್ಬಿನ ಯಜಮಾನ ರಾಶಿಯ ಮುಂದೆ ನಿಂತು ಕೈಯಾಡಿಸಿದ. "ಪಂದ್ಯದ ದಿನ ಬಿದ್ದಿದ್ರೆ ಏನು ಗತಿ? ಈ ಮೇಡಮ್ಮಿಗೆ ಸುಮ್ನೆ ನನ್ನ ಮೇಲೆ ಕಣ್ಣು."

"ನಿಮ್ಮ ಮೇಲಲ್ಲ, ನಿಮ್ಮ ಲೆಕ್ಕದ ಮೇಲೆ. ಖರ್ಚು ಊರಿಗೆ, ಟಿಕೆಟ್ ದುಡ್ಡು ನಿಮಗೆ. ಇದ್ಯಾವ ನ್ಯಾಯ?" ಎಂದಳು ಇಂಜಿನಿಯರ್.

"ಅಂಗಡಿ ಬರುತ್ತೆ, ಹೋಟೆಲ್ ಬರುತ್ತೆ, ಹುಡುಗರಿಗೆ ಕೆಲಸ ಸಿಗುತ್ತೆ. ಊರಿಗೊಂದು ಹೆಸರು ಬೇಡ್ವೇನಮ್ಮಾ?"

"ಜ್ವರ ಬಂದಾಗ ಆ ಹೆಸರನ್ನ ತೇದು ಕುಡಿಯೋಕಾಗುತ್ತಾ?"

ಇನ್ಸ್‌ಪೆಕ್ಟರು ಕಾವಲುಗಾರನ ಕಡೆ ತಿರುಗಿದರು. "ನಿನ್ನೆ ಒಳಗೆ ಯಾರು ಬಂದಿದ್ರಪ್ಪಾ?"

"ಯಜಮಾನ್ರು ಬಂದಿದ್ರು, ಫೋಟೋ ತೆಗೆಸೋಕೆ. ಮೇಡಂ ಬಂದಿದ್ರು, ಸುತ್ತಿಗೆ ಹಿಡ್ಕೊಂಡು ಕಂಬ ಕಂಬ ಬಡಿದು ನೋಡಿದ್ರು."

"ಕೇಳಿದ್ರಾ? ಸುತ್ತಿಗೆ!" ಎಂದ ಯಜಮಾನ.

"ಬೇರೆ ಯಾರೂ ಇಲ್ವಾ?"

"ಇಲ್ಲ ಸಾರ್. ಮೇಷ್ಟ್ರು ದಿನಾ ಇಲ್ಲೇ ಇರ್ತಾರೆ. ಗೋಲಿನ ಕಂಬ ಬಂದಿತ್ತು ಅಂತ ಯಾರಾದ್ರೂ ಹೇಳ್ತಾರಾ? ಹಾಗೇ ಅವ್ರೂ."

ಅವನು ಹೇಳಿದ್ದು ತಂಡದ ಹಳೆಯ ತರಬೇತುದಾರರ ವಿಷಯ. ಕೊರಳಲ್ಲಿ ಸದಾ ಸೀಟಿ ಇರುತ್ತಿದ್ದುದರಿಂದ ಊರಿಗೆಲ್ಲ ಅವರು ಸೀಟಿ ಮೇಷ್ಟ್ರು. ಇನ್ಸ್‌ಪೆಕ್ಟರರ ಬಾಲ್ಯದ ಗೆಳೆಯ. ಕೆಲವು ವರ್ಷಗಳ ಹಿಂದೆ ಇದೇ ಮೈದಾನದಲ್ಲಿ ಆಡುವಾಗ ಅವರ ಒಬ್ಬನೇ ಮಗ ತಲೆಗೆ ಪೆಟ್ಟು ಬಿದ್ದು ಉರುಳಿದ್ದ, ಮತ್ತೆ ಏಳಲಿಲ್ಲ. ಅಲ್ಲೇ ಇದ್ದ ಮೇಷ್ಟ್ರು ಜಗಳದ ಕಡೆ ನೋಡಲೂ ಇಲ್ಲ. ಹಲಗೆಗಳ ನಡುವೆ ಬಿದ್ದಿದ್ದ ಮೈದಾನದ ಮೂಲೆಯ ಬಾವುಟವನ್ನು ಎತ್ತಿಕೊಂಡು ಹೋಗಿ ಅದರ ಗುಳಿಯಲ್ಲೇ ನೆಟ್ಟು, ಬುಡದ ಮಣ್ಣನ್ನು ಕಾಲಿನಿಂದ ಒತ್ತಿ, ಸದ್ದಿಲ್ಲದೆ ಮನೆಗೆ ಹೊರಟರು.

ಇಂಜಿನಿಯರ್ ಕಂಬದ ಬುಡ ತೋರಿಸಿದಳು. "ನೋಡಿ ದೊಡ್ಡಪ್ಪ, ನಟ್ಟುಗಳೇ ಇಲ್ಲ. ತುಕ್ಕು ಹಿಡಿದಿದ್ರೆ ಅವು ಬೋಲ್ಟನ್ನ ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ತಿದ್ವು. ಯಾರೋ ಬಿಚ್ಚಿದ್ದಾರೆ."

"ಯಾರೋ ಯಾಕೆ, ಬಿದ್ದ ಮೇಲೆ ನೀವೇ ಬಿಚ್ಚಿರ್ಬೇಕು," ಎಂದ ಯಜಮಾನ. "ಬೆಳಿಗ್ಗೆ ನಮಗಿಂತ ಮೊದಲೇ ಬಂದಿದ್ರಿ. ತಪ್ಪು ಮುಚ್ಚೋಕೆ ಸುಲಭ ದಾರಿ. ಸಭೆ ಯಾರ ಮಾತು ನಂಬುತ್ತೋ ನೋಡೋಣ!"

ಅವಳ ಮುಖ ಬಿಳಿಚಿಕೊಂಡಿತು.

ಇನ್ಸ್‌ಪೆಕ್ಟರು ರಾಶಿಯನ್ನು ಒಂದು ಸುತ್ತು ಬಂದರು. ಎಲ್ಲೆಲ್ಲೂ ಒಂದೇ ನೋಟ—ಹಲಗೆ ಸಿಗಿದು ಬಂದಿದೆ, ಬೋಲ್ಟು ಮರದ ಚೂರನ್ನು ಕಚ್ಚಿಕೊಂಡಿದೆ. ಮೆಟ್ಟಿಲ ಪಕ್ಕದ ಕೊನೆಯ ಕಬ್ಬಿಣದ ಪಟ್ಟಿಯ ಹತ್ತಿರ ಬಂದಾಗ ಅವರ ಹೆಜ್ಜೆ ನಿಂತಿತು. ಬಗ್ಗಿದರು. ಬೆರಳಿನಿಂದ ಸವರಿದರು. ಎದ್ದಾಗ ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

"ನಡಿಯಮ್ಮಾ, ಮೇಷ್ಟ್ರ ಮನೆಗೆ ಹೋಗೋಣ."

"ಈಗ ಯಾಕೆ ದೊಡ್ಡಪ್ಪ? ಸಂಜೆ ಸಭೆ ಇದೆ!"

"ಅದಕ್ಕೇ."

ಮೇಷ್ಟ್ರ ಕೋಣೆಯಲ್ಲಿ ಮಗನ ಬೂಟುಗಳು ಜೋಡಿಜೋಡಿಯಾಗಿ ಗೋಡೆಗೆ ಒರಗಿದ್ದವು. ಮೇಲೆ ಅವನ ಭಾವಚಿತ್ರ. ಕೆಳಗೆ ಉದ್ದನೆಯದೇನನ್ನೋ ಬಿಳಿ ಬಟ್ಟೆ ಹೊದಿಸಿ ಮಲಗಿಸಿತ್ತು. ಇನ್ಸ್‌ಪೆಕ್ಟರು ಅದರ ತಂಟೆಗೆ ಹೋಗಲಿಲ್ಲ. ಗೆಳೆಯನ ಎದುರು ಕುಳಿತರು.

"ಗ್ಯಾಲರಿ ತಾನಾಗಿ ಬಿದ್ದಿದ್ರೆ ಎಲ್ಲ ಹಲಗೆಗಳೂ ಒಟ್ಟಿಗೆ ಬೀಳ್ಬೇಕಿತ್ತು ಕಣಯ್ಯಾ. ಒಂದು ಮಾತ್ರ ಮೊದಲೇ ಎದ್ದು ಹೋಗಿದೆ. ಅದರ ಜಾಗದಲ್ಲಿ ಬೋಲ್ಟುಗಳಿವೆ, ನಟ್ಟುಗಳೂ ಇವೆ, ಬಿಗಿಯಾಗಿ ತಿರುಗಿಸಿದೆ. ಆದ್ರೆ ನಡುವೆ ಹಿಡಿದುಕೊಳ್ಳೋಕೆ ಮರದ ಒಂದು ಎಳೆಯೂ ಇಲ್ಲ."

ಮೇಷ್ಟ್ರು ಬಿಳಿ ಬಟ್ಟೆಯ ಅಂಚನ್ನು ನೇರಮಾಡಿದರು.

"ಬೀಳುತ್ತೆ ಅಂತ ಗೊತ್ತಿದ್ದೋನು ಮಾತ್ರ ಒಂದು ಹಲಗೆ ಉಳಿಸ್ಕೊಳ್ತಾನೆ. ಯಜಮಾನನಿಗೆ ಅದು ಸೌದೆ. ಅವನು ಬಿಚ್ಚಿದ್ರೆ ಬೋಲ್ಟು ಎಸೆದು ಹೋಗ್ತಿದ್ದ. ತೆಗೆದದ್ದನ್ನ ಮತ್ತೆ ಅಲ್ಲೇ ಇಟ್ಟು ಬಿಗಿಯೋ ಕೈ ಈ ಊರಲ್ಲಿ ಒಂದೇ. ಬೆಳಿಗ್ಗೆ ಬಾವುಟ ನೆಟ್ಟೆಯಲ್ಲ, ಅದೇ ಕೈ. ಆಗ ನನಗೇನೂ ಹೊಳೀಲಿಲ್ಲ. ಬೋಲ್ಟು ನೋಡಿದ ಮೇಲೆ ಹೊಳೀತು. ಗ್ಯಾಲರಿ ಬೀಳಿಸಿದ್ದು ನೀನು."

"ಅಲ್ಲಿ ಅವನು ಕೂರ್ತಿದ್ದ..." ಇಂಜಿನಿಯರ್ ಭಾವಚಿತ್ರದ ಕಡೆ ತಿರುಗಿದಳು. "ಹಲಗೆ ಮೇಲೆ ಮೊಳೆಯಲ್ಲಿ ಚೆಂಡು ಕೆತ್ತಿ ನಿಮ್ಮ ಹತ್ರ ಒದೆ ತಿಂದಿದ್ದ, ಅಲ್ವಾ ಮಾಮ?"

ಮೇಷ್ಟ್ರು ಎದ್ದು ಕೋಟಿನ ಜೇಬಿಗೆ ಕೈ ಹಾಕಿದರು. ಕಂಬದ ಬುಡದ ನಟ್ಟುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಸೆಯಲು ಅವರಿಗೆ ಮನಸ್ಸು ಬಂದಿರಲಿಲ್ಲ.

"ಯಜಮಾನ ಹೇಳಿ ಮಾಡಿಸಿದ್ನಾ?" ಇನ್ಸ್‌ಪೆಕ್ಟರು ಕೇಳಿದರು.

"ಬಾಯಿಬಿಟ್ಟು ಹೇಳ್ಲಿಲ್ಲ. 'ಇದು ನಿಂತಿರೋವರೆಗೂ ಊರು ಹಣ ಕೊಡಲ್ಲ ಮೇಷ್ಟ್ರೇ' ಅಂತ ನಿಟ್ಟುಸಿರು ಬಿಟ್ಟ. ಹೊಸದಕ್ಕೆ ನನ್ನ ಮಗನ ಹೆಸರಿಡ್ತೀನಿ ಅಂದ. ಗೇಟಿನ ಮೇಲೆ, ಕಲ್ಲಲ್ಲಿ ಕೆತ್ತಿಸಿ. ನಿನ್ನೆ ರಾತ್ರಿ ನಟ್ಟು ನಾನು ಬಿಚ್ಚಿದೆ, ಉಳಿದದ್ದನ್ನ ಗಾಳಿ ಮಾಡ್ತು. ನಾನು ಹೋದ ಮೇಲೆ ಅವನ ಹೆಸರು ಹಿಡಿದು ಕರೆಯೋರು ಯಾರು ಹೇಳು?"

"ನನ್ನ ಮೇಲೆ ಬರುತ್ತೆ ಅಂತ ಗೊತ್ತಿತ್ತಾ ಮಾಮ?"

"ಗೊತ್ತಿತ್ತಮ್ಮಾ." ಮೇಷ್ಟ್ರು ತಲೆ ಎತ್ತಲಿಲ್ಲ.

ಇನ್ಸ್‌ಪೆಕ್ಟರು ಮೆಲ್ಲಗೆ ಹೇಳಿದರು: "ಅವನು ಮೈದಾನದಲ್ಲಿ ಸಾಯ್ಲಿಲ್ಲ ಕಣಯ್ಯಾ. ಆಸ್ಪತ್ರೆಯ ವರಾಂಡದಲ್ಲಿ ಸತ್ತ. ತಲೆಯ ಸ್ಕ್ಯಾನ್ ಮಾಡೋ ಯಂತ್ರ ಕೆಟ್ಟಿತ್ತು. ಇವತ್ತೂ ಕೆಟ್ಟೇ ಇದೆ. ಇವಳು ಹಣ ಕೇಳಿದ್ದು ಅದಕ್ಕೆ. ಆ ಹಣದಲ್ಲೇ ನಿನ್ನ ಮಗನಿಗೆ ಗೇಟು ಕಟ್ಟಿಸ್ತೀಯಾ?"

ಮೇಷ್ಟ್ರು ಕುಸಿದು ಕುಳಿತರು. ಬಹಳ ಹೊತ್ತು ಅತ್ತರು. ಇನ್ಸ್‌ಪೆಕ್ಟರು ಸಮಾಧಾನ ಹೇಳಲಿಲ್ಲ. ಆ ಅಳುವಿಗೆ ಹೇಳುವ ಸಮಾಧಾನ ಇನ್ನೂ ಹುಟ್ಟಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

"ಹಲಗೆ ಇಲ್ಲದ್ದು ನೋಡಿದ ತಕ್ಷಣ ನಾನೇ ಅಂತ ನಿನಗೆ ಹೇಗೆ ತಿಳೀತು?" ಎಂದು ಮೇಷ್ಟ್ರು ಕೊನೆಗೆ ಕೇಳಿದರು.

"ನಮ್ಮನೇಲೂ ಒಂದು ಕುರ್ಚಿ ಇದೆ. ಯಾರನ್ನೂ ಕೂರೋಕೆ ಬಿಡಲ್ಲ."

ಮೇಷ್ಟ್ರು ಕಣ್ಣೊರೆಸಿಕೊಂಡರು. ಕೊರಳಿನ ಸೀಟಿ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿದರು. ನಟ್ಟುಗಳನ್ನು ಬಾಚಿ ಇಂಜಿನಿಯರ್ ಕೈಗೆ ಕೊಟ್ಟರು. "ಸಭೇಲಿ ನಾನೇ ಹೇಳ್ತೀನಮ್ಮಾ. ಯಾರು ಮಾಡಿದ್ದು, ಯಾಕೆ ಮಾಡಿದ್ದು, ಎಲ್ಲಾನೂ." ಆಮೇಲೆ ಬಟ್ಟೆ ಸರಿಸಿ ಹಲಗೆಯ ಒಂದು ತುದಿ ಎತ್ತಿದರು. ಮೊಳೆಯಲ್ಲಿ ಕೆತ್ತಿದ ಸೊಟ್ಟ ಚೆಂಡು ಬೆಳಕಿಗೆ ಬಂತು.

ಇನ್ಸ್‌ಪೆಕ್ಟರು ಇನ್ನೊಂದು ತುದಿಗೆ ಹೆಗಲು ಕೊಟ್ಟರು.

"ಬಿಡೋ, ಭಾರ ಏನಿಲ್ಲ. ನಾನೊಬ್ಬನೇ ಹೊರ್ತೀನಿ."

"ಇದನ್ನ ಒಬ್ಬನೇ ಹೊರಬಾರದು ಕಣಯ್ಯಾ. ನಡಿ."

ಇಂಜಿನಿಯರ್ ಬಾಗಿಲು ಹಿಡಿದು ನಿಂತಳು. ಇಬ್ಬರು ಮುದುಕರು ಹಲಗೆ ಹೊತ್ತು ಸಭೆಯ ದಾರಿ ಹಿಡಿದು ಬೀದಿಗಿಳಿದರು. ಎದುರು ಬಂದವರು ಏನೆಂದು ಕೇಳದೆಯೇ ದಾರಿ ಬಿಟ್ಟರು. ಸಭೆ ಆಸ್ಪತ್ರೆಗೆ ಹಣ ಕೊಡಲು ಕೈಯೆತ್ತುತ್ತದೆಯೋ ಇಲ್ಲವೋ, ಮೂವರಿಗೂ ತಿಳಿದಿರಲಿಲ್ಲ. ಬೆಳಿಗ್ಗೆ ಅರ್ಧಕ್ಕೆ ಬಿಟ್ಟ ಪ್ರಾರ್ಥನೆಯನ್ನು ಇನ್ಸ್‌ಪೆಕ್ಟರು ನಡೆಯುತ್ತಲೇ ಮುಗಿಸಿದರು.