ಕಿರಣಸೂಜಿಗೆ ಓತಿಕ್ಯಾತನ ಕಾವಲು

ಬಹಳ ಹಿಂದೆ ದಾರುಪುರವೆಂಬ ರಾಜ್ಯವಿತ್ತು. ಅಲ್ಲಿ ಕೋಟೆ ಮರದ್ದು, ಅರಮನೆ ಮರದ್ದು, ರಾಜನ ಕಿರೀಟವೂ ಮರದ್ದು. ಅಂಥ ಊರಿಗೆ ಬೆಂಕಿಯ ಪೆಟ್ಟಿಗೆಯನ್ನು ತಂದಿಟ್ಟುಕೊಂಡವರ ಬುದ್ಧಿಗೆ ಏನೆನ್ನೋಣ!

ತಂದುಕೊಟ್ಟವನು ಭಸ್ಮಾಂಗನೆಂಬ ಮಾಂತ್ರಿಕ. ಪೆಟ್ಟಿಗೆಯೊಳಗೆ ಹಲಗೆ ಇಟ್ಟು ಮೇಲಿನ ಮುಚ್ಚಳ ಸರಿಸಿದರೆ ಕೂದಲೆಳೆಯಷ್ಟು ಸಣ್ಣ ಬೆಳಕು ಇಳಿದು, ಮರವನ್ನು ಸುಡುತ್ತಾ ಸುಡುತ್ತಾ ಗಿಳಿ, ಬಳ್ಳಿ, ಆನೆ, ಅಂಬಾರಿ, ಬೇಕಾದ್ದನ್ನು ಕೆತ್ತುತ್ತಿತ್ತು. ಅದಕ್ಕೆ ಕಿರಣಸೂಜಿ ಎಂದು ಹೆಸರು.

"ಇದಕ್ಕೆ ಬೆಲೆಯಿಲ್ಲ ಪ್ರಭು, ಒಂದು ಷರತ್ತಿದೆ," ಎಂದ ಮಾಂತ್ರಿಕ. "ಒಳಗೆ ಕಿಡಿಭೂತವಿದೆ. ಮನುಷ್ಯರ ಕಣ್ಣು ಪೆಟ್ಟಿಗೆಯ ಮೇಲಿರುವ ತನಕ ಅದು ತಲೆ ಎತ್ತುವುದಿಲ್ಲ. ಕಣ್ಣು ತಪ್ಪಿ ಉರಿ ಸೂರಿನ ಜಂತೆ ಮುಟ್ಟಿತೋ, ಹತ್ತಿರವಿದ್ದವರು ಮರದ ಗೊಂಬೆಯಾಗುತ್ತಾರೆ. ಮೂರನೇ ಸಲ ಮುಟ್ಟಿದರೆ ಇಡೀ ಊರೇ ಗೊಂಬೆ, ಊರೇ ನನ್ನದು. ಉರಿ ಬೆರಳುದ್ದ ಬೆಳೆಯುವ ಮೊದಲೇ ಭೂತವನ್ನು ಕೊಂದರೆ ಮಾತ್ರ ನನ್ನ ಮಾಯೆ ಮುರಿಯುತ್ತದೆ."

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವ ರಾಜ ತಕ್ಷಣ ಒಪ್ಪಿಕೊಂಡ. ಮಗಳ ಮದುವೆಗೆ ಅರಮನೆಯ ಬಾಗಿಲುಗಳನ್ನೆಲ್ಲ ಕೆತ್ತಬೇಕೆಂದು ಪೆಟ್ಟಿಗೆಯನ್ನು ಊರಿನ ಬಡಗಿ ಮೌನೇಶಾಚಾರಿಯ ಮನೆಗೆ ಕಳಿಸಿದ. ಕೆಲಸ ನಿಂತರೆ ತಲೆದಂಡ ಎಂದೂ ಹೇಳಿಕಳಿಸಿದ.

ದಾರುಪುರದಲ್ಲೊಂದು ಪದ್ಧತಿಯಿತ್ತು. ಜಗಲಿಯಿಂದ ಯಾರಾದರೂ ಎಲೆಯಡಿಕೆ ತಟ್ಟೆ ಹಿಡಿದು "ಎಲೆ ಹಾಕ್ಕೊಳ್ಳೋಣ ಬನ್ರೀ" ಎಂದರೆ ಕೈಯಲ್ಲಿದ್ದ ಕೆಲಸವನ್ನು ಅಲ್ಲೇ ಬಿಟ್ಟು ಏಳಬೇಕು. ಏಳದಿದ್ದರೆ ಕರೆದವರ ಮುಖಕ್ಕೆ ಹೊಡೆದಂತೆ. ಆಚಾರಿ ಒಮ್ಮೆ ಎದ್ದು ಹೋದ, ಹತ್ತಿರವಿದ್ದ ಕೆಲಸಗಾರ ಗೊಂಬೆಯಾದ. ಅದನ್ನು ಕಂಡೂ ಇನ್ನೊಮ್ಮೆ ಎದ್ದು ಹೋದ! ಆಗ ಅವನ ಹೆಂಡತಿ ನಾಗಲಾಂಬೆಯ ತಂಗಿ ಗೌರಾಂಬೆ ಒಳಗೆ ಓಡಿಬಂದು, ಜಗಲಿಯ ಕಡೆ ತಿರುಗಿ "ಭಾವ, ಪೆಟ್ಟಿಗೆ..." ಎಂದು ಕೂಗಿದಳು. ಅಷ್ಟರಲ್ಲಿ ಉರಿ ಜಂತೆ ಮುಟ್ಟಿತು. ತೆರೆದ ಬಾಯಿ ತೆರೆದಂತೆಯೇ ಅವಳೂ ಗೊಂಬೆಯಾದಳು.

ನಾಗಲಾಂಬೆ ದಿನವೂ ತಂಗಿಯ ಮುಖದ ಧೂಳು ಒರೆಸುತ್ತಿದ್ದಳು. ಒರೆಸುವಾಗ ಅಳು ಬರುತ್ತಿತ್ತು, ಗಂಡನನ್ನು ನೋಡಿದರೆ ಮೈ ಉರಿಯುತ್ತಿತ್ತು.

"ಒಂದು ಗಳಿಗೆ ಎಲೆ ಇಲ್ಲದೆ ಇರಕ್ಕಾಗಲ್ವೇನ್ರೀ ನಿಮಗೆ?"

"ಕರೆದಾಗ ಹೋಗದಿದ್ರೆ ಏನಂದ್ಕೋತಾರೆ ಕಣೇ?"

ಇವರಿಗೆ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ ಎಂದುಕೊಂಡು ನಾಗಲಾಂಬೆ ಕಾಡಿಗೆ ಹೋದಳು. ಮನುಷ್ಯರ ಕಣ್ಣಿಗೆ ಹೆದರುವ ಭೂತವನ್ನು ಹಿಡಿಯಲು ಮನುಷ್ಯರಲ್ಲದ ಕಾವಲೇ ಬೇಕಿತ್ತು.

ಮೊದಲು ಮಾತಾಡುವ ಕಾಗೆ ಬಂತು. "ಹೊಗೆ ಕಂಡರೆ ಕೂಗುತ್ತೇನೆ," ಎಂದಿತು. ಕಿರಣಸೂಜಿ ಗೆರೆ ಎಳೆದಾಗಲೆಲ್ಲ ಹೊಗೆ ಬರುತ್ತದೆ. ಗಿಳಿಯ ಕೊಕ್ಕಿಗೆ ಕಾ, ರೆಕ್ಕೆಗೆ ಕಾ, ಬಾಲಕ್ಕೆ ಕಾ! ಬೀದಿಯವರು ಕೊಡ ಹಿಡಿದು ಓಡಿಬಂದರು, ಬೈದುಕೊಂಡು ಹೋದರು, ಕೊನೆಗೆ ಬರುವುದನ್ನೇ ಬಿಟ್ಟರು. ಆಚಾರಿ ಕಾಗೆಯ ಕೊಕ್ಕಿಗೆ ದಾರ ಕಟ್ಟಿದ. ನಾಗಲಾಂಬೆ ದಾರ ಬಿಚ್ಚಿ, ಅದಕ್ಕೊಂದು ತುತ್ತು ಅನ್ನ ಹಾಕಿ ಕಳಿಸಿಕೊಟ್ಟಳು.

ಎರಡನೆಯದಾಗಿ ಮಾತಾಡುವ ಆಮೆ ಬಂತು. "ಬೆನ್ನು ಬಿಸಿಯಾದರೆ ಹೇಳುತ್ತೇನೆ," ಎಂದು ಪೆಟ್ಟಿಗೆಯ ಕೆಳಗೆ ಕೂತಿತು. ನಾಗಲಾಂಬೆ ಬಾಗಿಲ ಹಿಂದೆ ನಿಂತು ಕಾದಳು. ಆಮೆ ಸುಮ್ಮನಿತ್ತು. ಏನೋ ಚಟಚಟ ಎಂದಿತೆಂದು ಇಣುಕಿದರೆ ಉರಿ ಮೊಳದುದ್ದ ಎದ್ದಿತ್ತು! ಕೊಡದ ನೀರನ್ನೆಲ್ಲ ಸುರಿದಳು. ಉರಿ ಆರಿತು, ಆದರೆ ಬೆರಳುದ್ದ ಮೀರಿದ್ದ ಭೂತ ಸಾಯದೆ ಪೆಟ್ಟಿಗೆಯ ತಳದ ಇದ್ದಿಲ ಚೂರುಗಳಲ್ಲಿ ನುಸುಳಿಕೊಂಡಿತು. ಆಗ ಆಮೆ ಕತ್ತು ಹೊರಗೆ ಹಾಕಿ, "ಈಗೊಂಚೂರು ಬೆಚ್ಚಗಾಯ್ತು ನೋಡವ್ವ," ಎಂದಿತು. ನಾಗಲಾಂಬೆ ಹಣೆ ಹಣೆ ಚಚ್ಚಿಕೊಂಡಳು.

ಮೂರನೆಯದಾಗಿ ಬೇಲಿಯ ಮೇಲಿದ್ದ ಓತಿಕ್ಯಾತ ತಾನಾಗಿಯೇ ಕರೆಯಿತು.

"ನನಗೆ ಹೊಗೆ ತಿಳಿಯದು, ಬಿಸಿ ತಿಳಿಯದು. ಉರಿ ಕುಣಿಯುತ್ತಲ್ಲ, ಆ ಕುಣಿತ ಮಾತ್ರ ನನ್ನ ಕಣ್ಣಿಗೆ ಬೀಳುತ್ತೆ. ಎಷ್ಟು ಸಣ್ಣದಿದ್ರೂ ಬೀಳುತ್ತೆ. ಮುಚ್ಚಳಕ್ಕೊಂದು ಹಗ್ಗ ಹಾಕಿ ನನ್ನ ಬಾಲಕ್ಕೆ ಕಟ್ಟು. ಎಳೆದ ಕೂಡಲೇ ಹಲಗೆಯ ಮೇಲೆ ಬೀಳುವಂತೆ ಅದೇ ಹಗ್ಗಕ್ಕೆ ಒದ್ದೆ ಗೋಣಿಯನ್ನೂ ಕಟ್ಟು. ತಳದ ಇದ್ದಿಲು ದಿನವೂ ಗುಡಿಸು. ಇನ್ನೊಂದು ಮಾತು, ನನ್ನ ಕಣ್ಣಿಗೆ ಏನನ್ನೂ ಮರೆ ಮಾಡಬೇಡ."

ಆಚಾರಿ ನಕ್ಕ. "ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ ಅಂತಾರೆ, ನೀನು ಅದನ್ನೇ ಕಾವಲಿಗೆ ತಂದ್ಯಾ!"

ನಾಗಲಾಂಬೆ ಪೊರಕೆ ಕೈಗೆತ್ತಿಕೊಂಡಳು. ತಳ ಗುಡಿಸಿದಳು, ಗೋಣಿ ನೆನೆಸಿದಳು, ಹಗ್ಗ ಕಟ್ಟಿದಳು.

ಇದನ್ನು ತಿಳಿದ ಭಸ್ಮಾಂಗ ಪರವೂರಿನ ನೆಂಟನ ವೇಷದಲ್ಲಿ ಜಗಲಿಗೆ ಬಂದು ಕೂತ. "ಎಲೆ ಹಾಕ್ಕೊಳ್ಳೋಣ ಬನ್ರೀ ಆಚಾರ್ರೇ! ಮನೆಯಾಕೆ ಸುಣ್ಣ ಕೊಡದಿದ್ರೆ ಎಲೆ ರುಚಿಸೋದುಂಟೇ? ನೀವೂ ಬನ್ನಿ ತಾಯಿ!"

ಆಚಾರಿ ಆಗಲೇ ಎದ್ದಿದ್ದ. ನಾಗಲಾಂಬೆ ಸುಣ್ಣದ ಡಬ್ಬಿ ತೆಗೆದುಕೊಂಡು ಹೊರಡುವಾಗ ತಿರುಗಿ ನೋಡಿದಳು. ಓತಿಕ್ಯಾತನ ತಲೆಯ ಮೇಲೆ ಗಂಡನ ಟವಲು!

"ಇದೇನ್ರೀ ಇದು?"

"ಅದು ನನ್ನನ್ನೇ ದುರುಗುಟ್ಟಿ ನೋಡ್ತಿತ್ತು ಕಣೇ. ಮುಜುಗರ ಆಗಲ್ವಾ?"

"ನನ್ನ ತಂಗಿ ಗೊಂಬೆಯಾಗಿ ನಿಂತಿದ್ದಾಳೆ, ನಿಮಗೆ ಮುಜುಗರವೇ?" ಎಂದು ನಾಗಲಾಂಬೆ ಟವಲನ್ನು ಕಿತ್ತು ಗಂಡನ ಹೆಗಲಿಗೆಸೆದಳು. ಆಮೇಲೆ ಹೊರಗೆ ಹೋದಳು. ನೆಂಟನಿಗೆ ಸುಣ್ಣ ಕೊಟ್ಟಳು.

ಒಳಗೆ ಮನುಷ್ಯರ ಕಣ್ಣಿಲ್ಲವೆಂದು ಕಿಡಿಭೂತ ಹಲಗೆಯ ಮೇಲೆ ತಲೆ ಎತ್ತಿತು. ಸಾಸಿವೆಯಷ್ಟಾಯಿತು, ಕಡಲೆಯಷ್ಟಾಯಿತು, ಒಮ್ಮೆ ಕುಣಿಯಿತು. ಓತಿಕ್ಯಾತ ತಲೆ ಆಡಿಸಿ ಬಾಲ ಎಳೆಯಿತು. ಮುಚ್ಚಳ ಪಟ್ಟೆಂದು ಮುಚ್ಚಿತು, ಬೆಳಕು ನಿಂತಿತು, ಒದ್ದೆ ಗೋಣಿ ಧೊಪ್ಪನೆ ಬಿತ್ತು. ಅಡಗಿಕೊಳ್ಳೋಣವೆಂದರೆ ತಳದಲ್ಲಿ ಒಂದು ಚೂರು ಇದ್ದಿಲೂ ಇರಲಿಲ್ಲ. ಭೂತ ಚುಂಯ್ ಎಂದು ಸತ್ತುಹೋಯಿತು.

ಜಗಲಿಯಲ್ಲಿ ಭಸ್ಮಾಂಗನ ಬಾಯಲ್ಲಿದ್ದ ಎಲೆ ಬೂದಿಯಾಯಿತು, ಹಿಂದೆಯೇ ಅವನೂ ಬೂದಿಯಾದ. ನಾಗಲಾಂಬೆ ಗಂಡನ ಕೈಗೆ ಪೊರಕೆ ಕೊಟ್ಟು ಒಳಗೆ ಓಡಿದಳು.

ಗೌರಾಂಬೆಯ ತೆರೆದ ಬಾಯಿ ಅಲುಗಿತು.

"ಹೊತ್ತಿಕೊಂಡಿದೆ!" ಎಂದು ಕಿರುಚಿದಳು ತಂಗಿ.

"ಆರಿತು ಕಣೇ, ಆರಿತು," ಎಂದು ನಾಗಲಾಂಬೆ ಅವಳನ್ನು ತಬ್ಬಿಕೊಂಡು ಅತ್ತಳು. ಮೂಲೆಯಲ್ಲಿ ಕೆಲಸಗಾರನೂ ಕಣ್ಣುಜ್ಜಿಕೊಂಡು ಎದ್ದ.

ಭೂತವಿಲ್ಲದೆಯೂ ಕಿರಣಸೂಜಿ ಕೆತ್ತುತ್ತಲೇ ಇತ್ತು, ರಾಜಕುಮಾರಿಯ ಮದುವೆ ಕೆತ್ತಿದ ಬಾಗಿಲುಗಳ ನಡುವೆ ನಡೆಯಿತು. ಅಂದಿನಿಂದ ದಾರುಪುರದಲ್ಲಿ ಎಲೆತಟ್ಟೆಯೇ ಕೆಲಸದವರ ಬಳಿಗೆ ಹೋಗುತ್ತದೆ, ಎಲ್ಲರೂ ಪೆಟ್ಟಿಗೆಯ ಕಡೆ ಮುಖ ಮಾಡಿಯೇ ಎಲೆ ಹಾಕುತ್ತಾರೆ. ಹೀಗೆ ಊರೆಲ್ಲ ಸುಖವಾಗಿತ್ತು. ಒಂದು ದಿನ ಮೌನೇಶಾಚಾರಿ ಮಾತ್ರ ಕೇಳಿದ, "ಭೂತ ಸತ್ತಾಯ್ತಲ್ಲ, ಈ ಓತಿಕ್ಯಾತ ಇನ್ನೂ ಯಾಕೆ?"

"ಭೂತ ಸತ್ತಿದೆ, ಬೆಂಕಿ ಸತ್ತಿಲ್ಲ," ಎಂದಳು ನಾಗಲಾಂಬೆ, ಗೋಣಿಗೆ ನೀರು ಚಿಮುಕಿಸುತ್ತಾ. "ನೀವೂ ಇದ್ದೀರಲ್ಲ!"